ಗಣಪತಿ ಕೂರಿಸಿದ ಮಂಜಪ್ಪ, ಗಡಿಪಾರಾಗುವ ಹುಡುಗರು

ಗಣೇಶ ಚೌತಿಗೆ ಇನ್ನೂ ಇಪ್ಪತ್ತು ದಿನ ಇರುವಾಗಲೇ ದಾವಣಗೆರೆಯ ಅಂಗಡಿಯವರಿಗೆ ಎದೆ ಡವಡವ. ರಸೀದಿ ಪುಸ್ತಕ ಹಿಡಿದ ಹುಡುಗರು ಗುಂಪು ಕಟ್ಟಿಕೊಂಡು ಬರ್ತಾರೆ. ನೂರು ರೂಪಾಯಿ ಕೊಟ್ಟರೆ ಮುಖ ಸಿಂಡರಿಸ್ತಾರೆ. ಐನೂರು ಕೊಟ್ಟರೆ ಹೋದ ವರ್ಷ ಎಷ್ಟು ಕೊಟ್ಟಿದ್ರಿ ಅಂತ ಹಳೇ ಪುಸ್ತಕ ತೆಗೀತಾರೆ. ಇವರು ಹೋದ ಮೇಲೆ ಪಕ್ಕದ ಓಣಿಯವರು, ಅವರು ಹೋದ ಮೇಲೆ ಹಿಂದಿನ ಓಣಿಯವರು. ಎಲ್ಲರೂ ಹಾಗೇ ಅಂತಲ್ಲ. ಭಯ ಭಕ್ತಿಯಿಂದ ಗಣಪ್ಪನ್ನ ಕೂರಿಸಿ, ಪೈಸೆ ಪೈಸೆಗೆ ಲೆಕ್ಕ ಬರೆದಿಟ್ಟು ಬೋರ್ಡಿಗೆ ಅಂಟಿಸೋ ಓಣಿಗಳೂ ಅದಾವೆ. ಆದರೆ ಗಲ್ಲಾ ಮುಂದೆ ಕೂತ ಸಾಹುಕಾರನಿಗೆ ಯಾವ ಪುಸ್ತಕ ಭಕ್ತಿಯದು, ಯಾವ ಪುಸ್ತಕ ವಸೂಲಿಯದು ಅಂತ ಹೆಂಗೆ ಗೊತ್ತಾಗಬೇಕು? ಬಾಯಿ ಮುಚ್ಚಿಕೊಂಡು ಇಬ್ಬರಿಗೂ ಕೊಡ್ತಾನೆ.

ಅತ್ತ ಪೊಲೀಸ್ ಠಾಣೆ ಅಂಗಳದಲ್ಲಿ ಇನ್ನೊಂದು ಹಬ್ಬ. ರೌಡಿ ಶೀಟ್ ಇದ್ದವರನ್ನೆಲ್ಲ ಕರೆಸಿ ಸಾಲಾಗಿ ನಿಲ್ಲಿಸಿ, ಕೂದಲು ಬಿಟ್ಟವರಿಗೆ ಬೈದು, ಸನ್ನಡತೆಯ ಬಾಂಡ್ ಬರೆಸಿಕೊಂಡು ಕಳಿಸೋದು. ತೀರಾ ಕೈಮೀರಿದವರಿಗೆ ಗಡಿಪಾರು. ವಿಸರ್ಜನೆ ದಿನ ಬಾರ್ ಬಂದ್, ಬೀದಿ ಬೀದಿಗೆ ಖಾಕಿ, ಹರಿಹರಕ್ಕೆ ಹೋಗೋ ಬಸ್ಸಿಗೆ ಸುತ್ತುಬಳಸಿನ ದಾರಿ. ಸಂಜೆ ಆರಕ್ಕೆ ಮನೆ ಸೇರಬೇಕಾದ ಪ್ಯಾಸೆಂಜರ್ ಒಂಬತ್ತಕ್ಕೆ ಸೇರಿದರೆ ಪುಣ್ಯ.

ಇಷ್ಟೆಲ್ಲ ಅನುಭವಿಸುವ ಊರಿನಲ್ಲಿ ಎಷ್ಟು ಜನರಿಗೆ ಗೊತ್ತೈತೋ ಏನೋ, ದಾವಣಗೆರೆಯಲ್ಲಿ ಗಣಪತಿಯನ್ನು ಮನೆಯ ಜಗಲಿಯಿಂದ ಇಳಿಸಿ ಹತ್ತು ಜನರ ಹಬ್ಬ ಮಾಡಿದವರು ಹರ್ಡೇಕರ ಮಂಜಪ್ಪನವರು. ಕರ್ನಾಟಕದ ಗಾಂಧಿ ಅಂತ ಹೆಸರಾದವರು. ಕೈಯಲ್ಲಿ ಕಾಸಿಲ್ಲದ, ಹೆಂಡತಿ ಮಕ್ಕಳಿಲ್ಲದ ಒಬ್ಬ ಪತ್ರಿಕೆಯ ಮನುಷ್ಯ. ಅವರ ಸುತ್ತ ಕೂಡಿದ್ದೂ ಹುಡುಗರೇ. ಬೀದಿಯೂ ಅದೇ ಬೀದಿ.

ಇಪ್ಪತ್ತರ ಹುಡುಗ

ಮಂಜಪ್ಪನವರು ಹುಟ್ಟಿದ್ದು 1886ರ ಫೆಬ್ರವರಿ 18ರಂದು, ವರದಾ ನದಿ ದಂಡೆಯ ಬನವಾಸಿಯಲ್ಲಿ. ಕದಂಬರು ಆಳಿದ ಊರು ಅಂತ ಪುಸ್ತಕದಲ್ಲಿ ದೊಡ್ಡ ಹೆಸರು. ಇವರ ಮನೆಯಲ್ಲಿ ಮಾತ್ರ ಬಡತನ. ಆಗಿನ ಕಾಲದ ಮುಲ್ಕಿ ಪರೀಕ್ಷೆ 1903ರಲ್ಲಿ ಪಾಸು ಮಾಡಿ ಶಿರಸಿಯಲ್ಲಿ ಕನ್ನಡ ಶಾಲೆ ಮಾಸ್ತರರಾದರು. ಮುಲ್ಕಿ ಪಾಸಾಗಿ ಮಾಸ್ತರಿಕೆ ಸಿಕ್ಕರೆ ಬಡವರ ಮನೆಯಲ್ಲಿ ದೀಪ ಹಚ್ಚಿದ ಹಾಗೆ. ಸಂಬಳ ಸಣ್ಣದಾದರೂ ತಿಂಗಳಿಗೆ ತಪ್ಪದೆ ಬರ್ತಿತ್ತು.

ಶಿರಸಿ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಬ್ರಿಟಿಷರ ಸೀಮೆ. ಪುಣೆಯಿಂದ ತಿಲಕರ ಕೇಸರಿ ಪತ್ರಿಕೆ ಬರ್ತಿತ್ತು. 1905ರ ಅಕ್ಟೋಬರ್‌ನಲ್ಲಿ ಲಾರ್ಡ್ ಕರ್ಜನ್ ಬಂಗಾಳವನ್ನು ಎರಡು ಹೋಳು ಮಾಡಿದ ಮೇಲೆ ದೇಶದ ತುಂಬ ಸ್ವದೇಶಿ ಗಾಳಿ ಎದ್ದಿತು. ವಿಲಾಯತಿ ಬಟ್ಟೆ ಸುಡೋದು, ವಿಲಾಯತಿ ಸಕ್ಕರೆ ಬಿಡೋದು. ಸರ್ಕಾರದ ಅನ್ನ ತಿಂದುಕೊಂಡು ಈ ಮಾತು ಆಡೋದು ಸರಿಯಲ್ಲ ಅಂತ ಮಂಜಪ್ಪನವರಿಗೆ ಕಂಡಿತು. 1906ರಲ್ಲಿ ಮಾಸ್ತರಿಕೆಗೆ ರಾಜೀನಾಮೆ ಕೊಟ್ಟರು. ವಯಸ್ಸು ಇಪ್ಪತ್ತು.

ಇಪ್ಪತ್ತರ ವಯಸ್ಸು ಅಂದರೆ ಈಗಿನ ಲೆಕ್ಕದಲ್ಲಿ ಯಾವುದು ಗೊತ್ತಲ್ಲ? ಠಾಣೆಯಲ್ಲಿ ಮೊದಲ ಸಲ ಹೆಸರು ಬರೆಸಿಕೊಳ್ಳೋ ವಯಸ್ಸು. ಆ ವಯಸ್ಸಿಗೆ ಕೈಗೆ ಏನು ಸಿಗ್ತದೆ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿರ್ತದೆ. ಮಂಜಪ್ಪನವರ ಕೈಗೆ ಸಿಕ್ಕಿದ್ದು ಪತ್ರಿಕೆ.

ಬಿಲ್ಲು ಹಿಡಿದ ಪತ್ರಿಕೆ

ಅಣ್ಣ ಮಧುಲಿಂಗಪ್ಪನವರ ಆಸರೆಯಲ್ಲಿ ದಾವಣಗೆರೆಗೆ ಬಂದು, 1906ರ ಸೆಪ್ಟೆಂಬರ್‌ನಲ್ಲಿ ಧನುರ್ಧಾರಿ ಅನ್ನೋ ವಾರಪತ್ರಿಕೆ ಶುರು ಮಾಡಿದರು. ದಾವಣಗೆರೆ ಆಗ ಮೈಸೂರು ಮಹಾರಾಜರ ಸೀಮೆ, ಚಿತ್ರದುರ್ಗ ಜಿಲ್ಲೆಯ ಒಂದು ವ್ಯಾಪಾರದ ಊರು. ರೈಲು ಬಂದಿತ್ತು. ಹತ್ತಿ, ಕಾಳು ಕಡಿ, ಜವಳಿ ವ್ಯಾಪಾರ ಜೋರಾಗಿತ್ತು. ಸಂತೆಗೆ ಬಂದ ರೈತ, ದಲಾಲಿ ಅಂಗಡಿ ಗುಮಾಸ್ತ, ಗಾಡಿ ಹೊಡೆಯುವವ, ಹಮಾಲಿ, ಎಲ್ಲರೂ ಒಂದೇ ಬೀದಿಯಲ್ಲಿ ಓಡಾಡೋ ಊರು. ದೊಡ್ಡ ಕಾಲೇಜಿಲ್ಲ, ದೊಡ್ಡ ಕಚೇರಿ ಇಲ್ಲ. ಇಂಥಲ್ಲಿ ವಾರಕ್ಕೊಂದು ಪತ್ರಿಕೆ ನಡೆಸೋದು ಅಂದರೆ ಪತ್ರಿಕೆ ನಡೆಸಿದವರಿಗೇ ಗೊತ್ತು. ಕಾಗದದ ಸಾಲ, ಚಂದಾ ಕೊಡದೆ ಓದುವವರು, ಅಚ್ಚಿನ ಮೊಳೆ ಜೋಡಿಸೋ ಕಷ್ಟ.

ಹೆಸರೇ ಹೇಳುವ ಹಾಗೆ ಅದು ಬಿಲ್ಲು ಹಿಡಿದ ಪತ್ರಿಕೆ. ತಿಲಕರ ಕೇಸರಿಯಲ್ಲಿ ಬಂದ ಬರಹಗಳನ್ನು ಮಂಜಪ್ಪನವರು ಕನ್ನಡಕ್ಕೆ ತಂದು ಹಾಕ್ತಿದ್ದರು. ಪುಣೆಯಲ್ಲಿ ಹೊತ್ತಿದ್ದು ದಾವಣಗೆರೆ ಪೇಟೆಯಲ್ಲಿ ಕನ್ನಡದಲ್ಲಿ ಓದಿಸಿಕೊಳ್ಳುವ ಹಾಗಾಯಿತು. ಓದು ಬಾರದವರಿಗೆ ಓದು ಬಂದವರು ಜಗಲಿ ಮೇಲೆ ಕೂತು ಓದಿ ಹೇಳುವ ಕಾಲ ಅದು. ಒಂದು ಪ್ರತಿಗೆ ಹತ್ತು ಕಿವಿ.

ಪತ್ರಿಕೆ ಜೊತೆಗೇ ಗಣಪತಿ ಬಂದ. ತಿಲಕರು 1893ರಿಂದ ಪುಣೆಯಲ್ಲಿ ನಡೆಸಿದ ಸಾರ್ವಜನಿಕ ಗಣೇಶೋತ್ಸವದ ಮಾದರಿಯಲ್ಲಿ ಮಂಜಪ್ಪನವರು ದಾವಣಗೆರೆಯಲ್ಲಿ ಹಬ್ಬ ಶುರು ಮಾಡಿದರು. ರಾಜಕೀಯ ಸಭೆ ಕರೆದರೆ ಸರ್ಕಾರದ ಕಣ್ಣು ಕೆಂಪಾಗ್ತಿತ್ತು. ದೇವರ ಮುಂದೆ ಜನ ಸೇರಿದರೆ ಯಾರು ಏನು ಅಂತಾರೆ? ಭಜನೆ ಆದ ಮೇಲೆ ಭಾಷಣ, ಭಾಷಣದಲ್ಲಿ ಸ್ವದೇಶಿ. ಹಬ್ಬದ ಉಪಾಯ ಇದೇ ಆಗಿತ್ತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಗಣೇಶೋತ್ಸವ ಹುಟ್ಟಿದಾಗಿನಿಂದ ಅದಕ್ಕೆ ಎರಡು ಮುಖ. ಒಂದು ಮುಖ ಬ್ರಿಟಿಷರ ಕಡೆಗೆ, ಇನ್ನೊಂದು ಪಕ್ಕದ ಓಣಿ ಕಡೆಗೆ. 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸ್ಲಿಮರ ದೊಡ್ಡ ಗಲಭೆ ಆಗಿತ್ತು. ಅದರ ಬಿಸಿ ಆರುವ ಮುಂಚೆ ಉತ್ಸವ ಶುರುವಾಯಿತು. 1894ರಲ್ಲಿ ಪುಣೆಯಲ್ಲಿ ಮಸೀದಿ ಮುಂದೆ ವಾದ್ಯ ಬಾರಿಸುವ ವಿಷಯಕ್ಕೆ ಹೊಡೆದಾಟವೂ ಆಯಿತು. ಮುಂದೆ 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆ ಶಾಲೆಯ ಗಣಪತಿ ವಿಷಯಕ್ಕೆ ಎದ್ದ ಗಲಾಟೆ ಎಷ್ಟು ದೊಡ್ಡದಾಯಿತೆಂದರೆ, ಮೈಸೂರು ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂರಿಸಬೇಕಾಯಿತು. ಜನರನ್ನು ಒಂದು ಕಡೆ ಸೇರಿಸೋದು ಸುಲಭದ ಕೆಲಸ. ಸೇರಿದ ಜನ ಯಾವ ಕಡೆ ತಿರುಗ್ತಾರೆ ಅನ್ನೋದು ಸೇರಿಸಿದವನ ಕೈಯಲ್ಲಿ ಎಷ್ಟು ಹೊತ್ತು ಇರ್ತದೆ ಹೇಳಿ?

ಬಾಂಬಿನ ವರ್ಷ

1908 ಬಂತು. ಏಪ್ರಿಲ್ 30ರಂದು ಬಿಹಾರದ ಮುಜಫರ್‌ಪುರದಲ್ಲಿ ಒಬ್ಬ ಇಂಗ್ಲಿಷ್ ಜಡ್ಜನ್ನು ಕೊಲ್ಲಲು ಎಸೆದ ಬಾಂಬು ಬೇರೆ ಗಾಡಿಗೆ ಬಿದ್ದು ಇಬ್ಬರು ಹೆಂಗಸರು ಸತ್ತರು. ಎಸೆದವರಲ್ಲಿ ಒಬ್ಬ ಖುದಿರಾಮ ಬೋಸ್, ಹದಿನೆಂಟರ ಹುಡುಗ. ಆಗಸ್ಟ್ 11ರಂದು ಗಲ್ಲಿಗೇರಿಸಿದರು. ಈ ಬಾಂಬಿನ ಬಗ್ಗೆ ಕೇಸರಿಯಲ್ಲಿ ಬರೆದದ್ದಕ್ಕೆ ರಾಜದ್ರೋಹದ ಕೇಸು ಹಾಕಿ ತಿಲಕರಿಗೆ ಆರು ವರ್ಷ ಶಿಕ್ಷೆ ಕೊಟ್ಟು ಬರ್ಮಾದ ಮಂಡಾಲೆ ಜೈಲಿಗೆ ಒಯ್ದರು.

ಮೈಸೂರು ಸರ್ಕಾರವೂ ಅದೇ ವರ್ಷ ಪತ್ರಿಕೆಗಳ ಮೇಲೆ ಕಾಯ್ದೆ ತಂದಿತು. ಸರ್ಕಾರದ ಅಪ್ಪಣೆ ಇಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ, ಕೊಟ್ಟ ಅಪ್ಪಣೆ ಬೇಕಾದಾಗ ಕಿತ್ತುಕೊಳ್ಳಬಹುದು. ಮೈಸೂರಿನಲ್ಲಿ ತಾತಯ್ಯ ಅಂತ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು.

ಇಪ್ಪತ್ತೆರಡರ ಮಂಜಪ್ಪನವರ ಮುಂದೆ ಆಗ ಇದ್ದದ್ದು ಎರಡೇ ದಾರಿ ಅಂತ ಯಾರಾದರೂ ಅಂದುಕೊಂಡಾರು. ಗುರು ಜೈಲಿಗೆ ಹೋದ. ಓರಗೆಯ ಹುಡುಗ ಗಲ್ಲಿಗೆ ಹೋದ. ಪತ್ರಿಕೆಯ ಕುತ್ತಿಗೆಗೆ ಹಗ್ಗ. ಸಿಟ್ಟು ಬಂದರೆ ಬಾಂಬು, ಹೆದರಿಕೆ ಬಂದರೆ ಮನೆ. ದೇಶದ ತುಂಬ ಹುಡುಗರು ಈ ಎರಡರಲ್ಲಿ ಒಂದು ಹಿಡಿದರು. ಮಂಜಪ್ಪನವರು ಹಿಡಿದದ್ದು ಮೂರನೆಯದು. ಅದು ನೋಡೋಕೆ ಸಪ್ಪೆ. ಆ ವರ್ಷಗಳ ಆಸುಪಾಸಿನಲ್ಲಿ ಬಾಳಿನುದ್ದ ಬ್ರಹ್ಮಚರ್ಯದ ಪಣ ತೊಟ್ಟರು. ಸಿಟ್ಟನ್ನೆಲ್ಲ ತಮ್ಮ ಮೇಲೆಯೇ ತಿರುಗಿಸಿಕೊಂಡರು. ಮದುವೆ ಇಲ್ಲ, ಆಸ್ತಿ ಇಲ್ಲ, ನಾಲಿಗೆ ಚಪಲ ಇಲ್ಲ.

ಈಗಿನವರಿಗೆ ಇದು ಅತಿ ಅನ್ನಿಸಬಹುದು. ಸಂಸಾರಸ್ಥರು ದೇಶಸೇವೆ ಮಾಡಲಿಲ್ಲವೇ ಅಂತ ಕೇಳಬಹುದು. ಕೇಳೋದು ಸರಿ. ಆದರೆ ಹುಡುಗರ ಮುಂದೆ ನಿಂತು ದುಶ್ಚಟ ಬಿಡಿ ಅಂತ ಹೇಳುವ ಮನುಷ್ಯನಿಗೆ ಒಂದು ತೊಂದರೆ ಇರ್ತದೆ. ಹುಡುಗರು ಮಾತು ಕೇಳೋದಿಲ್ಲ, ಮನುಷ್ಯನನ್ನ ನೋಡ್ತಾರೆ. ವೇದಿಕೆ ಮೇಲೆ ವ್ಯಸನಮುಕ್ತ ಭಾಷಣ ಮಾಡಿ ಕೆಳಗಿಳಿದು ಬಾರಿನ ಲೈಸೆನ್ಸಿಗೆ ಶಿಫಾರಸು ಬರೆಯುವ ಮುಖಂಡರನ್ನ ಹುಡುಗರು ನೋಡಿಲ್ಲವೇ? ಮಂಜಪ್ಪನವರ ಬದುಕಿನಲ್ಲಿ ಅಂಥದ್ದು ಹುಡುಕಿದರೂ ಸಿಗ್ತಿರಲಿಲ್ಲ.

ಮಠದ ಜಗಲಿ

ಹಳೇ ದಾವಣಗೆರೆಯ ವಿರಕ್ತಮಠದಲ್ಲಿ ಆಗ ಮೃತ್ಯುಂಜಯ ಸ್ವಾಮಿಗಳಿದ್ದರು. ಮುಂದೆ ಧಾರವಾಡದ ಮುರುಘಾಮಠಕ್ಕೆ ಹೋಗಿ, ಬಡ ಹುಡುಗರಿಗೆ ಊಟ ವಸತಿ ಕೊಟ್ಟು ಓದಿಸಿ ಮೃತ್ಯುಂಜಯ ಅಪ್ಪಗಳು ಅಂತ ಹೆಸರಾದವರು ಇವರೇ. ಸ್ವಾಮಿಗಳಿಗೂ ಮಂಜಪ್ಪನವರಿಗೂ ಮನಸ್ಸು ಕೂಡಿತು. ಒಬ್ಬರಿಗೆ ಮಠ ಇತ್ತು, ಇನ್ನೊಬ್ಬರಿಗೆ ಲೇಖನಿ ಇತ್ತು. ಭಜನಾ ಸಂಘ ಕಟ್ಟಿದರು. ಶ್ರಾವಣ ಮಾಸದಲ್ಲಿ ಶರಣರ ಕಥೆ, ವಚನದ ವಿವರಣೆ ಶುರು ಮಾಡಿದರು.

1913ರಲ್ಲಿ ಇಬ್ಬರೂ ಸೇರಿ ವಿರಕ್ತಮಠದಲ್ಲಿ ಬಸವ ಜಯಂತಿ ಆಚರಿಸಿದರು. ಈವತ್ತು ಸರ್ಕಾರಿ ರಜೆ ಕೊಟ್ಟು ರಾಜ್ಯದ ತುಂಬ, ದೇಶ ವಿದೇಶದಲ್ಲಿ ಮಾಡುವ ಬಸವ ಜಯಂತಿಯ ಸಾರ್ವಜನಿಕ ಆಚರಣೆ ಮೊದಲು ನಡೆದದ್ದು ಇಲ್ಲೇ, ದಾವಣಗೆರೆಯಲ್ಲಿ. ಅಲ್ಲಿಯವರೆಗೆ ಬಸವಣ್ಣ ಅಂದರೆ ಊರಿನ ಬಹಳ ಜನಕ್ಕೆ ಗುಡಿಯ ಮುಂದಿನ ಕಲ್ಲಿನ ಎತ್ತು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಮಂತ್ರಿಯಾಗಿದ್ದು, ಚಪ್ಪಲಿ ಹೊಲಿಯುವವರನ್ನೂ ಬ್ರಾಹ್ಮಣರನ್ನೂ ಒಂದೇ ಕಡೆ ಕೂರಿಸಿದ ಮನುಷ್ಯ ಅವನು ಅನ್ನೋದನ್ನ ಪೇಟೆಯ ಜನಕ್ಕೆ ತಿಳಿಸಿ ಹೇಳಬೇಕಿತ್ತು.

ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಹುಡುಗರು ಎಲ್ಲಿಗೆ ಹೋಗ್ತಾರೆ? ಊರು ಕೆಡೋದು ಉಳಿಯೋದು ಈ ಹೊತ್ತಿನಲ್ಲೇ. 1913ರಲ್ಲೂ ಹೆಂಡದಂಗಡಿ ಇತ್ತು, ಇಸ್ಪೀಟು ಇತ್ತು, ಗಾಂಜಾ ಚಿಲುಮೆಯೂ ಇತ್ತು. ಅಬಕಾರಿ ಉತ್ಪನ್ನ ಮೈಸೂರು ಸರ್ಕಾರದ ಖಜಾನೆಗೆ ದೊಡ್ಡ ಆದಾಯ. ಅದರ ಎದುರಿಗೆ ಭಜನಾ ಸಂಘ ಕೊಡ್ತಿದ್ದದ್ದು ಕೂತುಕೊಳ್ಳೋಕೆ ಒಂದು ಜಗಲಿ, ಕೈಗೆ ತಾಳ, ಕೇಳೋಕೆ ಕಥೆ. ಜೊತೆಗೆ ತಪ್ಪು ಮಾಡಿದರೆ ಯಾಕಪ್ಪಾ ನಿನ್ನೆ ಬರಲಿಲ್ಲ ಅಂತ ಕೇಳುವ ಒಬ್ಬ ದೊಡ್ಡವರು.

ಈಗಿನ ಗ್ಯಾಂಗು ಕೊಡೋದೂ ಇದನ್ನೇ ಅನ್ನೋದು ಬೇಜಾರಿನ ಸಂಗತಿ. ಶಾಲೆ ಬಿಟ್ಟ ಹುಡುಗನಿಗೆ ಮೊದಲು ಕೂತುಕೊಳ್ಳೋಕೆ ಒಂದು ಕಟ್ಟೆ ಸಿಗ್ತದೆ. ಕಟ್ಟೆ ಮೇಲೆ ಒಬ್ಬ ಅಣ್ಣ ಇರ್ತಾನೆ. ಅಣ್ಣ ಮೊದಲು ಚಹ ಕುಡಿಸ್ತಾನೆ, ಆಮೇಲೆ ಬೈಕಿಗೆ ಪೆಟ್ರೋಲ್ ಹಾಕಿಸ್ತಾನೆ, ಆಮೇಲೆ ಬಿಯರು. ಜಗಳ ಆದರೆ ಹಿಂದೆ ನಿಲ್ತಾನೆ, ಕೇಸಾದರೆ ಜಾಮೀನು ಕೊಡಿಸ್ತಾನೆ. ಅಲ್ಲಿಗೆ ಹುಡುಗ ಸಾಲಗಾರ. ಸಾಲ ತೀರಿಸೋಕೆ ಒಂದು ಪೊಟ್ಟಣ ಒಯ್ದು ಕೊಡು ಅಂದರೆ ಇಲ್ಲ ಅನ್ನೋಕೆ ಬಾಯಿ ಬರೋದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಒಂದು ಕೆ.ಜಿ. ತನಕದ ಗಾಂಜಾ ಸಣ್ಣ ಪ್ರಮಾಣ, ಅದಕ್ಕೆ ಒಂದು ವರ್ಷದ ತನಕ ಸಜೆ. 20 ಕೆ.ಜಿ. ದಾಟಿದರೆ ಹತ್ತು ವರ್ಷಕ್ಕೆ ಕಮ್ಮಿ ಇಲ್ಲ. ಪೊಟ್ಟಣದ ಜೊತೆ ಸಿಕ್ಕಿಬೀಳೋದು ಹುಡುಗ. ಅಣ್ಣ ಮುಂದಿನ ಕಟ್ಟೆಯಲ್ಲಿ ಇನ್ನೊಬ್ಬನಿಗೆ ಚಹ ಕುಡಿಸ್ತಿರ್ತಾನೆ.

ಮಿಲ್ಲುಗಳು ನಡೀತಿದ್ದ ಕಾಲದಲ್ಲಿ ಇಂಥ ಹುಡುಗನಿಗೆ ಪಾಳಿ ಕೆಲಸ ಇತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕೂಡ ಹೊಸ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅಪ್ಪನಿಗೆ ಸೈರನ್ ಇತ್ತು, ಮಗನಿಗೆ ಕಟ್ಟೆ ಐತಿ.

ಹೊಳೆ ದಂಡೆಯಲ್ಲಿ

ಧನುರ್ಧಾರಿ ಕೆಲವು ವರ್ಷ ನಡೆದು ನಿಂತಿತು. ತಿಲಕರು 1914ರಲ್ಲಿ ಬಿಡುಗಡೆಯಾಗಿ 1920ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಮಂಜಪ್ಪನವರ ಮನಸ್ಸು ಗಾಂಧಿಯವರ ಕಡೆ ವಾಲಿತ್ತು. ಗಾಂಧಿಯವರ ಜೀವನವನ್ನು ಕನ್ನಡದಲ್ಲಿ ಬರೆದ ಮೊದಮೊದಲಿನವರಲ್ಲಿ ಅವರೊಬ್ಬರು. ಸಾಬರಮತಿಗೆ ಹೋಗಿ ಅಲ್ಲಿಯ ಆಶ್ರಮದಲ್ಲಿದ್ದು ನೋಡಿ ಬಂದರು. ಬಂದ ಮೇಲೆ, 1920ರ ದಶಕದ ಆರಂಭದಲ್ಲಿ, ಹರಿಹರದಲ್ಲಿ ತುಂಗಭದ್ರೆಯ ದಂಡೆ ಮೇಲೆ ಸತ್ಯಾಗ್ರಹಾಶ್ರಮ ಕಟ್ಟಿದರು.

ಹರಿಹರದ ಜಾಗ ಎಂಥದ್ದು ನೋಡಿ. ಆಗ ಹೊಳೆಯ ಈ ದಂಡೆ ಮೈಸೂರು ಮಹಾರಾಜರದು, ಆ ದಂಡೆ ಬ್ರಿಟಿಷರ ಧಾರವಾಡ ಜಿಲ್ಲೆ. ಸೇತುವೆ ದಾಟಿದರೆ ಕಾನೂನು ಬೇರೆ, ಪೊಲೀಸರು ಬೇರೆ. ಗಡಿಯ ಊರುಗಳಿಗೆ ಯಾವತ್ತೂ ಒಂದು ಪೀಡೆ ಅಂಟಿಕೊಂಡಿರ್ತದೆ. ಇಲ್ಲಿ ತಪ್ಪು ಮಾಡಿದವ ಅಲ್ಲಿಗೆ, ಅಲ್ಲಿ ತಪ್ಪು ಮಾಡಿದವ ಇಲ್ಲಿಗೆ. ಊರ ನಡುವೆ 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿ. ಅರ್ಧ ವಿಷ್ಣು, ಅರ್ಧ ಶಿವ, ಒಂದೇ ಮೂರ್ತಿ. ಎರಡು ಪಂಗಡ ಕಿತ್ತಾಡಿದ ಮೇಲೇ ಅಲ್ಲವೇ ಇಂಥ ಮೂರ್ತಿ ಕಡೆಯಬೇಕು ಅನ್ನಿಸೋದು?

ಆಶ್ರಮ ಅಂದರೆ ಈಗಿನ ಹಾಗೆ ಮಾರ್ಬಲ್ ಹಾಸಿದ್ದಲ್ಲ. ಚರಕ, ಪ್ರಾರ್ಥನೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳೋದು. ಸಾಬರಮತಿಯ ವ್ರತಗಳಲ್ಲಿ ಮೊದಲನೆಯವು ಸತ್ಯ, ಅಹಿಂಸೆ. ಅವೆರಡರ ಬೆಲೆ ಏನು ಅಂತ ದೇಶಕ್ಕೆಲ್ಲ ಗೊತ್ತಾದದ್ದೂ ಅದೇ ಕಾಲದಲ್ಲಿ. 1922ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಚೌರಿಚೌರಾದಲ್ಲಿ ಸತ್ಯಾಗ್ರಹದ ಹೆಸರಿನಲ್ಲಿ ಸೇರಿದ ಜನ ಠಾಣೆಗೆ ಬೆಂಕಿ ಇಟ್ಟು 22 ಪೊಲೀಸರನ್ನು ಕೊಂದರು. ಗಾಂಧಿಯವರು ದೇಶಾದ್ಯಂತ ನಡೀತಿದ್ದ ಅಸಹಕಾರ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ದೊಡ್ಡ ದೊಡ್ಡ ಮುಖಂಡರೇ ಸಿಟ್ಟಾದರು. ಗೆಲ್ಲುವ ಹೊತ್ತಿನಲ್ಲಿ ಬಿಟ್ಟರಲ್ಲ ಅಂತ ಹಳಿದರು. ಹರಿಹರದ ದಂಡೆ ಮೇಲೆ ನೂಲುತ್ತ ಕೂತ ಮಂಜಪ್ಪನವರು ಗಾಂಧಿಯವರನ್ನು ಬಿಡಲಿಲ್ಲ. ಜನ ಗುಂಪಾದಾಗ ಏನಾಗ್ತಾರೆ ಅನ್ನೋದು, ಗಣಪತಿ ಕೂರಿಸಿ ಜನ ಸೇರಿಸಿದ ಮನುಷ್ಯನಿಗೆ ಇತರರಿಗಿಂತ ಚೆನ್ನಾಗಿ ತಿಳಿದಿರಬೇಕು.

1924ರ ಡಿಸೆಂಬರ್‌ನಲ್ಲಿ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ನಡೆದಾಗ ಮಂಜಪ್ಪನವರೂ ದುಡಿದರು. ಇಲ್ಲೊಂದು ಗೊಂದಲ ಬಿಡಿಸಿಬಿಡೋದು ವಾಸಿ. ಹಿಂದುಸ್ತಾನಿ ಸೇವಾದಳ ಕಟ್ಟಿದ ಹುಬ್ಬಳ್ಳಿಯ ಡಾಕ್ಟರ್ ನಾ.ಸು. ಹರ್ಡೀಕರರೇ ಬೇರೆ, ಹರ್ಡೇಕರ ಮಂಜಪ್ಪನವರೇ ಬೇರೆ. ಹೆಸರು ಹತ್ತಿರ ಇರೋದರಿಂದ ಇವರ ಕೆಲಸವನ್ನು ಅವರ ಖಾತೆಗೆ, ಅವರದನ್ನು ಇವರ ಖಾತೆಗೆ ಜಮಾ ಮಾಡೋರು ಭಾಷಣಕಾರರಲ್ಲಿ ಈಗಲೂ ಇದ್ದಾರೆ. ಖಾದಿ ಪ್ರಚಾರಕ್ಕೆ ಖಾದಿ ವಿಜಯ ಅಂತ ಪತ್ರಿಕೆ ನಡೆಸಿದ್ದು ಮಂಜಪ್ಪನವರು.

ಹರಿಹರದ ಆಶ್ರಮ ಬಹಳ ವರ್ಷ ನಡೆಯಲಿಲ್ಲ. 1927ರ ಹೊತ್ತಿಗೆ ಅವರು ಕೃಷ್ಣಾ ನದಿ ದಂಡೆಯ ಆಲಮಟ್ಟಿಗೆ ಹೋದರು. ಅಲ್ಲಿ ಹುಡುಗರಿಗೆ ವಿದ್ಯಾಲಯ ಕಟ್ಟಿದರು, ಶರಣ ಸಂದೇಶ ಪತ್ರಿಕೆ ನಡೆಸಿದರು, ಪುಸ್ತಕದ ಮೇಲೆ ಪುಸ್ತಕ ಬರೆದರು. 1936ರಲ್ಲಿ ತಮ್ಮ ಮೂವತ್ತು ವರ್ಷದ ಲೆಕ್ಕ ಒಪ್ಪಿಸುವ ಆತ್ಮಕಥೆ ಬರೆದರು. ಆ ಮೂವತ್ತು ವರ್ಷದ ಲೆಕ್ಕ ಶುರುವಾಗೋದು ಬನವಾಸಿಯಿಂದಲ್ಲ, 1906ರ ದಾವಣಗೆರೆಯಿಂದ. ಹುಟ್ಟಿದ ಊರಿಗಿಂತ ಕೆಲಸ ಹುಟ್ಟಿದ ಊರು ಅವರ ಲೆಕ್ಕದಲ್ಲಿ ಮೊದಲು ಬಂತು.

ಬೀದಿ ಹಿಡಿದ ದಾರಿ

ಅವರು ಬಿಟ್ಟುಹೋದ ಬೀದಿ ಮುಂದೆ ಏನೇನು ಕಂಡಿತು? ಒಳ್ಳೆಯದನ್ನೂ ಕಂಡಿತು. ಇದೇ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಹೆಂಡ ಇಳಿಸುವ ಈಚಲು ಮರಗಳನ್ನು ಕಡಿದು ಜನ ಜೈಲಿಗೆ ಹೋದರು. 1942ರಲ್ಲಿ ದಾವಣಗೆರೆಯ ಚಳವಳಿಗಾರರು ಪೊಲೀಸರ ಗುಂಡಿಗೆ ಬಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಪಾನನಿಷೇಧ ಬಂತು, ಹೋಯಿತು. ಸಾರಾಯಿ 2007ರ ಜುಲೈ 1ರಿಂದ ಬಂದ್ ಆಯಿತು. ಪೊಟ್ಟಣದ ಸಾರಾಯಿ ಹೋದ ಜಾಗಕ್ಕೆ ಪೊಟ್ಟಣದ ವಿಸ್ಕಿ ಬಂದು ಕೂತಿತು.

ಮೆರವಣಿಗೆಗಳ ಕಥೆ ಬೇರೆ. 1990ರ ಅಕ್ಟೋಬರ್‌ನಲ್ಲಿ ದಾವಣಗೆರೆಯಲ್ಲಿ ಕೋಮು ಬೆಂಕಿ ಹತ್ತಿತು. ಚನ್ನಪಟ್ಟಣ, ರಾಮನಗರದಲ್ಲೂ ಅದೇ ದಿನಗಳಲ್ಲಿ ಉರಿ. ಪ್ರಾಣಗಳು ಹೋದವು, ಅಂಗಡಿಗಳು ಸುಟ್ಟವು. ಅದೇ ತಿಂಗಳು ಮುಖ್ಯಮಂತ್ರಿ ವೀರೇಂದ್ರ ಪಾಟೀಲರ ಕುರ್ಚಿ ಹೋಗಿ ಬಂಗಾರಪ್ಪನವರು ಬಂದರು. ಬೆಂಗಳೂರಿನಲ್ಲಿ ಕುರ್ಚಿ ಬದಲಾಯಿತು. ಸುಟ್ಟ ಅಂಗಡಿಯವ ಮತ್ತೆ ಸಾಲ ಎತ್ತಬೇಕಾಯಿತು. 2024ರ ಸೆಪ್ಟೆಂಬರ್ 19ರಂದು ಬೇತೂರು ರಸ್ತೆ ಕಡೆ ಗಣಪತಿ ಮೆರವಣಿಗೆ ಹೊತ್ತಿನಲ್ಲಿ ಮತ್ತೆ ಕಲ್ಲು ತೂರಾಟ. ಲಾಠಿ ಬೀಸಿದರು, ಎರಡೂ ಕಡೆಯವರನ್ನು ಹಿಡಿದರು. ಮಾರನೇ ದಿನ ಶಟರ್ ಅರ್ಧ ಎತ್ತಿ ವ್ಯಾಪಾರ.

ಇಂಥ ಸಂಜೆಗಳಲ್ಲಿ ಕಲ್ಲು ಹಿಡಿದ ಕೈ ನೋಡಿದರೆ ಯಾವ ಧರ್ಮದ್ದಾದರೂ ವಯಸ್ಸು ಮಾತ್ರ ಒಂದೇ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ಹಿಂದೆ ನಿಂತು ಕಣ್ಸನ್ನೆ ಮಾಡಿದ ಅಣ್ಣಂದಿರ ಹೆಸರು ಎಫ್‌ಐಆರ್‌ನಲ್ಲಿ ಹುಡುಕಬೇಕು. ಒಂದು ಸಲ ಕೇಸು ಬಿದ್ದ ಹುಡುಗನಿಗೆ ಪಾಸ್‌ಪೋರ್ಟ್ ಇಲ್ಲ, ಸರ್ಕಾರಿ ನೌಕರಿ ಇಲ್ಲ, ಖಾಸಗಿ ಕಂಪನಿಯವರೂ ಪೊಲೀಸ್ ವೆರಿಫಿಕೇಷನ್ ಕೇಳ್ತಾರೆ. ಮುಂದಿನ ಚೌತಿಗೆ ಠಾಣೆಯಿಂದ ಅವನಿಗೂ ಕರೆ ಬರ್ತದೆ. ಪರೇಡಿನ ಸಾಲು ಬೆಳೆಯೋದು ಹೀಗೆ.

ವಿರಕ್ತಮಠದಲ್ಲಿ ಶ್ರಾವಣದ ಪ್ರವಚನ ನಿಂತಿಲ್ಲ, ಬಸವ ಜಯಂತಿಯೂ ನಿಂತಿಲ್ಲ. ಬರುವವರಲ್ಲಿ ತಲೆ ನೆರೆತವರು ಜಾಸ್ತಿ. ಹರಿಹರದ ಹೊಳೆ ದಂಡೆಗೆ ಹೋಗುವ ಹುಡುಗರು ಈಗಲೂ ಇದ್ದಾರೆ. ಅವರು ಬಿಟ್ಟುಬರುವ ಬಾಟಲಿಗಳನ್ನ ಬೆಳಿಗ್ಗೆ ಚಿಂದಿ ಆಯುವವರು ಒಯ್ತಾರೆ.

ಮಂಜಪ್ಪನವರ ಕೊನೆಯ ತಿಂಗಳುಗಳು ದೇಶಕ್ಕೇ ಕೆಟ್ಟವು. 1946ರ ಆಗಸ್ಟ್‌ನಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ನಾಲ್ಕೇ ದಿನದಲ್ಲಿ ಸಾವಿರಾರು ಹೆಣ ಬಿದ್ದವು. ಅಕ್ಟೋಬರ್‌ನಲ್ಲಿ ಪೂರ್ವ ಬಂಗಾಳದ ನೌಖಾಲಿ, ಅದರ ಬೆನ್ನಿಗೇ ಬಿಹಾರ. ಅಲ್ಲಿ ಇವರು ಸತ್ತರು, ಇಲ್ಲಿ ಅವರು ಸತ್ತರು. ಓಣಿ ಓಣಿಯ ಗೂಂಡಾಗಳು ಎರಡೂ ಕಡೆ ನಾಯಕರಾದ ದಿನಗಳು. ನಲವತ್ತು ವರ್ಷ ಹಿಂದೆ ಯಾವ ಬಂಗಾಳ ಒಡೆದದ್ದಕ್ಕೆ ಶಿರಸಿಯ ಮಾಸ್ತರಿಕೆ ಬಿಟ್ಟು ದಾವಣಗೆರೆಗೆ ಬಂದಿದ್ದರೋ, ಅದೇ ಬಂಗಾಳ ಹೊತ್ತಿ ಉರಿಯುವ ಸುದ್ದಿ ಆಲಮಟ್ಟಿಗೆ ಬರುತ್ತಿತ್ತು.

1947ರ ಜನವರಿ 3ರಂದು ಆಲಮಟ್ಟಿಯಲ್ಲಿ ಮಂಜಪ್ಪನವರು ತೀರಿಕೊಂಡರು. ಅರವತ್ತೊಂದು ತುಂಬಲು ಇನ್ನೂ ಒಂದೂವರೆ ತಿಂಗಳಿತ್ತು. ಸ್ವಾತಂತ್ರ್ಯಕ್ಕೆ ಏಳೂವರೆ ತಿಂಗಳಿತ್ತು. ಅದರ ಹಿಂದಿನ ದಿನ, ಜನವರಿ 2ರಂದು, ಎಪ್ಪತ್ತೇಳರ ಗಾಂಧಿಯವರು ನೌಖಾಲಿಯ ಶ್ರೀರಾಂಪುರದಿಂದ, ಮನೆಗಳು ಸುಟ್ಟುಹೋಗಿದ್ದ ಹಳ್ಳಿಗಳ ಕಡೆಗೆ, ಕೋಲು ಹಿಡಿದು ನಡೆದು ಹೊರಟಿದ್ದರು.